ಹಳೇ ಲೇತ್ ಮಷಿನ್ ಕೊಳ್ಳೋಣವೇ? ಸಂಘದ ಸಭೆಗೊಂದು ಪಾಠ



ಹೊಲಿಗೆ ಯಂತ್ರ, ಕಡಕ್ ರೊಟ್ಟಿ, ಶ್ಯಾವಿಗೆ, ಎಮ್ಮೆ ಸಾಲ, ಇವುಗಳ ಬಗ್ಗೆ ನಾವು ಸಭೆಗಳಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಈ ಸಲದ ಪಾಠ ಸ್ವಲ್ಪ ಬೇರೆ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಸಂಘದವರು ನಮ್ಮ ಕಚೇರಿಗೆ ಬಂದು ಕೇಳಿದರು: "ಸಿಸ್ಟರ್, ಒಂದು ಸಣ್ಣ ಲೇತ್ ಮಷಿನ್ನು, ಅದರ ಜೋಡಿ ಒಂದು ಮಿಲ್ಲಿಂಗ್ ಮಷಿನ್ನು ಮಾರಾಟಕ್ಕ ಬಂದಾವ್ರಿ. ಸಂಘದ ಮ್ಯಾಲೆ ಸಾಲ ತಗೊಂಡು ಅವನ್ನ ತಗೋಬಹುದೇನ್ರಿ?" ಆ ಸಂಘದ ಒಬ್ಬ ಅಕ್ಕ ಹನ್ನೊಂದು ವರ್ಷ ವಾಲ್ವ್ ತಯಾರಿಸುವ ಘಟಕದಲ್ಲಿ ಡ್ರಿಲ್ಲಿಂಗ್ ಮಾಡಿದವರು. ಇನ್ನೊಬ್ಬರ ಮಗಳು ಐಟಿಐಯಲ್ಲಿ ಟರ್ನರ್ ಕಲಿತು ಮನೆಯಲ್ಲಿ ಕೂತಿದ್ದಾಳೆ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ನಾವು ತಕ್ಷಣ "ಹೂಂ" ಅನ್ನಲಿಲ್ಲ. ಕಾರಣ, ಕೆಲವು ವರ್ಷಗಳ ಹಿಂದೆ ಇಂಥದೇ ಪ್ರಶ್ನೆಗೆ "ಹೂಂ" ಅಂದು ನಾವು ಒಂದು ಸಂಘವನ್ನು ಕಷ್ಟಕ್ಕೆ ಹಾಕಿದ್ದೆವು. ಆ ಕಥೆಯನ್ನು ಮುಂದೆ ಹೇಳುತ್ತೇವೆ.

ನಮ್ಮ ಊರಿಗೂ ಲೇತಿಗೂ ಇರುವ ನಂಟು

ಹುಬ್ಬಳ್ಳಿಯಲ್ಲಿ ಇಂಥ ಮಷಿನ್ನು ಮಾರಾಟಕ್ಕೆ ಬರುವುದು ಆಶ್ಚರ್ಯವಲ್ಲ. ಬ್ರಿಟಿಷರ ಕಾಲದಿಂದ ಇಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್, ತಾರಿಹಾಳ, ಅತ್ತ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಎಲ್ಲ ಕಡೆ ಕಬ್ಬಿಣ ಕಡೆಯುವ ಶೆಡ್ಡುಗಳಿವೆ. ನೀರು, ಎಣ್ಣೆ, ಹಬೆ ಹಾಯುವ ಪೈಪಿಗೆ ಹಾಕುವ ವಾಲ್ವ್ ತಯಾರಿಕೆಗೆ ಹುಬ್ಬಳ್ಳಿ ಹೆಸರಾದ ಊರು. ಪಕ್ಕದ ಬೆಳಗಾವಿಯ ಉದ್ಯಮಬಾಗಿನಲ್ಲಿ ಎರಕದ ಕಾರ್ಖಾನೆಗಳಿವೆ. ಅದೇ ಬೆಳಗಾವಿಯಲ್ಲಿ 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿಯಿಂದ ಶುರು ಮಾಡಿದರು. ಮುಂದೆ ಅವರ ಮನೆತನದ ಮೈಸೂರು ಕಿರ್ಲೋಸ್ಕರ್ ಕಂಪನಿ 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಲೇತ್ ತಯಾರಿಸಿತು. ಆ ಕಾರ್ಖಾನೆ ಈಗ ಇಲ್ಲ, ಆದರೆ ಅದರ ಲೇತುಗಳು ನಮ್ಮ ಭಾಗದ ಎಷ್ಟೋ ಶೆಡ್ಡುಗಳಲ್ಲಿ ಇನ್ನೂ ಓಡುತ್ತಿವೆ. ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ ಹುಟ್ಟಿದ್ದೂ ಇಂಥ ಯಂತ್ರ ಮಾಡುವುದಕ್ಕೇ. ಕೈಗಡಿಯಾರ ಆಮೇಲೆ ಬಂತು.

ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರಗಳು ಬಂದ ಮೇಲೆ ಹಳೆಯ ಕೈಯಂತ್ರಗಳು ಮೂಲೆಗೆ ಸರಿದವು. ಅವೇ ಈಗ ಮಾರಾಟಕ್ಕೆ ಬರುತ್ತವೆ. ಕೆಲವು ಬಂಗಾರದಂಥವು, ಕೆಲವು ಗುಜರಿಗೂ ಬೇಡವಾದವು. ಎರಡಕ್ಕೂ ಹೊಸದಾಗಿ ಹಸಿರು ಬಣ್ಣ ಹೊಡೆದಿರುತ್ತಾರೆ.

ಲೇತ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಕುಂಬಾರನ ತಿಗರಿಯನ್ನು ಅಡ್ಡ ಮಲಗಿಸಿದರೆ ಲೇತ್. ಮಣ್ಣಿನ ಬದಲು ಕಬ್ಬಿಣದ ಸರಳು ತಿರುಗುತ್ತದೆ, ಕೈಬೆರಳಿನ ಬದಲು ಗಟ್ಟಿ ಉಕ್ಕಿನ ಟೂಲ್ ಅದನ್ನು ಕೆತ್ತುತ್ತದೆ. ಸರಳನ್ನು ಬಿಗಿಹಿಡಿಯುವ ಭಾಗಕ್ಕೆ ಚಕ್ ಅನ್ನುತ್ತಾರೆ. ದುಂಡಗಿನದು ಏನೇ ಬೇಕಾದರೂ, ಬುಶ್, ಪಿನ್ನು, ಪುಲ್ಲಿ, ಮರೆಯ ಬೋಲ್ಟು, ಇದರ ಮೇಲೆ ಆಗುತ್ತದೆ. ಮಿಲ್ಲಿಂಗ್ ಮಷಿನ್ನಿನಲ್ಲಿ ಇದು ತಿರುವುಮುರುವು: ಟೂಲ್ ತಿರುಗುತ್ತದೆ, ವಸ್ತು ಮೇಜಿನ ಮೇಲೆ ಬಿಗಿಯಾಗಿ ಕೂತು ನಿಧಾನಕ್ಕೆ ಸರಿಯುತ್ತದೆ. ಚಪ್ಪಟೆ ಮಾಡಲು, ಗಾಡಿ ತೋಡಲು, ಪುಲ್ಲಿಗೆ ಚಾವಿ ಕೂರುವ ಜಾಗ ಮಾಡಲು ಇದು ಬೇಕು.

ಇದು ಹೆಂಗಸರ ಕೆಲಸವಲ್ಲ ಅಂತ ಹೇಳುವವರು ಚನ್ನಪಟ್ಟಣಕ್ಕೆ ಹೋಗಿ ನೋಡಲಿ. ಅಲ್ಲಿ ಹೆಣ್ಣುಮಕ್ಕಳು ಪವರ್ ಲೇತಿನ ಮುಂದೆ ಕೂತು ಹಾಲೆ ಮರದ ಆಟಿಕೆ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಚ್ಚುತ್ತಾರೆ. ಕಬ್ಬಿಣ ಮರಕ್ಕಿಂತ ಗಟ್ಟಿ, ಅಷ್ಟೇ. ಕಬ್ಬಿಣ ಕೆತ್ತುವ ಬಲ ಮೋಟಾರಿನದು. ನಮ್ಮ ಕೈಯಿಂದ ಬೇಕಾಗುವುದು ಗಮನ ಮತ್ತು ಅಳತೆ.

ಸಣ್ಣದು ಅಂದರೆ ಎಷ್ಟು ಸಣ್ಣದು?

ಮಾರುವವರು "ಸಣ್ಣ ಲೇತ್" ಅಂದಾಗ ಎರಡರಲ್ಲಿ ಒಂದು ಇರುತ್ತದೆ. ಒಂದು, ಚೀನಾದಲ್ಲಿ ತಯಾರಾಗಿ ಬರುವ ಮೇಜಿನ ಮೇಲಿನ ಮಿನಿ ಲೇತ್. ತೂಕ ಸುಮಾರು 40 ಕಿಲೋ. ಇಬ್ಬರು ಎತ್ತಬಹುದು. ಚಕ್ 80 ಮಿ.ಮೀ., ಸುಮಾರು 350 ಮಿ.ಮೀ. ಉದ್ದದ ಸರಳು ಹಿಡಿಯುತ್ತದೆ. ಮನೆಯ ಕರೆಂಟಿನಲ್ಲೇ ಓಡುತ್ತದೆ, ವೇಗವನ್ನು ಗುಂಡಿ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ಇಷ್ಟು ಕೇಳಿದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಇವುಗಳಲ್ಲಿ ಬಹಳಷ್ಟರ ಗೇರು ಪ್ಲಾಸ್ಟಿಕ್. ವೇಗ ಬದಲಿಸುವುದು ಒಂದು ಎಲೆಕ್ಟ್ರಾನಿಕ್ ಬೋರ್ಡು. ಒಮ್ಮೆ ಒತ್ತಿ ಕೆತ್ತಿದರೆ ಗೇರಿನ ಹಲ್ಲು ಹೋಗುತ್ತದೆ, ಬೋರ್ಡು ಸುಟ್ಟರೆ ಬೇರೆಯದು ತರಿಸಬೇಕು. ಇದರ ಜೊತೆಗೆ ಬರುವ ಮಿನಿ ಮಿಲ್ಲಿನ ಹೊಟ್ಟೆಯೊಳಗೂ ಬಹುಪಾಲು ಇದೇ ಪ್ಲಾಸ್ಟಿಕ್ ಗೇರು.

ಇನ್ನೊಂದು, ನಮ್ಮ ದೇಶದಲ್ಲೇ ರಾಜಕೋಟೆ, ಲುಧಿಯಾನ, ಬಟಾಲಾ ಕಡೆ ತಯಾರಾದ ಮೂರು, ನಾಲ್ಕು ಅಡಿಯ ಬೆಲ್ಟ್ ಲೇತ್. ಬೀಡಿನ ಮೈ, ನಾಲ್ಕು ಕಾಲು, ನೂರಾರು ಕಿಲೋ ಭಾರ. ನೋಡಲು ಚಂದ ಇಲ್ಲ. ಆದರೆ ಬೆಲ್ಟು ಹರಿದರೆ ಪೇಟೆಯಲ್ಲಿ ಸಿಗುತ್ತದೆ, ಮೋಟಾರು ಸುಟ್ಟರೆ ರೀವೈಂಡಿಂಗ್ ಆಗುತ್ತದೆ, ಬುಶ್ ಸವೆದರೆ ಪಕ್ಕದ ಶೆಡ್ಡಿನಲ್ಲಿ ಹೊಸದು ಮಾಡಿಸಬಹುದು. ನಮ್ಮನ್ನು ಕೇಳಿದರೆ ಲೇತ್ ಈ ಎರಡನೇ ತರದ್ದೇ ಇರಲಿ ಅನ್ನುತ್ತೇವೆ. ಮಿಲ್ಲಿಂಗ್ ಮಷಿನ್ನು ಮೊದಲ ವರ್ಷ ಬೇಡ. ಬೇಕೇ ಬೇಕಾದರೆ ಚಾವಿಗಾಡಿ ತೋಡುವಷ್ಟು ಸಣ್ಣದು ಸಾಕು. ಇದು ನಮ್ಮ ಅಭಿಪ್ರಾಯ. ಕೆಲಸ ಗೊತ್ತಿದ್ದವರು ಬೇರೆ ಹೇಳಬಹುದು, ಕೇಳಿ.

ನಾವು ಮಾಡಿದ ತಪ್ಪು

ಈಗ ಆ ಕಥೆ. ಆ ಸಂಘದ ಹನ್ನೆರಡು ಸದಸ್ಯೆಯರು ಉಳಿತಾಯದ ಹಣ ಹಾಕಿ, ಉಳಿದದ್ದಕ್ಕೆ ಬ್ಯಾಂಕ್ ಸಾಲ ತೆಗೆದು ಒಂದು ಹಳೇ ಲೇತ್ ಕೊಂಡರು. ನಮ್ಮ ಕಾರ್ಯಕರ್ತೆಯೂ ಜೊತೆಗೆ ಹೋಗಿದ್ದರು. ಮಾರುವವನು ಸ್ವಿಚ್ ಹಾಕಿದ. ಚಕ್ ಗಿರಗಿರ ತಿರುಗಿತು. "ನೋಡ್ರಿ ಬಾಯಾರ, ಹೆಂಗ ಓಡ್ತೈತಿ, ಸಪ್ಪಳನೇ ಇಲ್ಲ" ಅಂದ. ಬಣ್ಣ ಹೊಸದು. ಎಲ್ಲರೂ ಒಪ್ಪಿದರು. ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು, ಫಾದರ್ ಕೈಯಿಂದ ಆಶೀರ್ವಾದವನ್ನೂ ಮಾಡಿಸಿ ಯಂತ್ರ ಶುರು ಮಾಡಿದರು.

ಯಾರೂ ಅದರ ಮೇಲೆ ಕಬ್ಬಿಣ ಕೆತ್ತಿಸಿ ನೋಡಿರಲಿಲ್ಲ. ಖಾಲಿ ತಿರುಗುವುದಕ್ಕೂ ಕೆಲಸ ಮಾಡುವುದಕ್ಕೂ ವ್ಯತ್ಯಾಸ ಇದೆ. ಮೊದಲ ದಿನ ಸರಳಿಗೆ ಟೂಲ್ ತಾಗಿಸಿದ ಕೂಡಲೇ ಇಡೀ ಯಂತ್ರ ನಡುಗಿ ಕಿರ್ರೆಂದಿತು. ಕಡೆದ ತುಂಡಿನ ಮೈ ಸೌತೆಬೀಜದ ಸಾಲಿನಂತೆ ಗೀರುಗೀರು. ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ತಿಳಿದವರನ್ನು ಕರೆಸಿ ತೋರಿಸಿದಾಗ ಸ್ಪಿಂಡಲ್ ಬೇರಿಂಗ್ ಪೂರ್ತಿ ಹೋಗಿದೆ, ಬೆಡ್ ಚಕ್ಕಿನ ಹತ್ತಿರ ಸವೆದಿದೆ ಅಂದರು. ಸಪ್ಪಳ ಬಾರದಿರಲೆಂದು ಬೇರಿಂಗಿಗೆ ದಪ್ಪ ಗ್ರೀಸು ತುಂಬಿದ್ದರಂತೆ. ರಿಪೇರಿಗೆ ಹೇಳಿದ ಹಣ ಯಂತ್ರದ ಬೆಲೆಯ ಅರ್ಧ. ಮಾರಿದವನು ಫೋನ್ ಎತ್ತಲಿಲ್ಲ. ಬಿಲ್ಲು ಇರಲಿಲ್ಲ.

ಸಾಲದ ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬಂತು. ಹತ್ತು ತಿಂಗಳು ಅವರು ರೊಟ್ಟಿ ಬಡಿದ ಹಣದಲ್ಲಿ ಲೇತಿನ ಕಂತು ಕಟ್ಟಿದರು. ಇಬ್ಬರು ಸಂಘ ಬಿಟ್ಟರು. ಒಬ್ಬ ತಾಯಿ ನಮ್ಮ ಮುಖ ನೋಡಿ ಏನೂ ಅನ್ನಲಿಲ್ಲ, "ನೀವೂ ಬಂದಿದ್ರಲ್ಲ ಸಿಸ್ಟರ್" ಅಂದರು ಅಷ್ಟೇ. ಆ ಮಾತು ನಮಗೆ ಇನ್ನೂ ಮರೆತಿಲ್ಲ. ಯಂತ್ರ ಕೊನೆಗೆ ತೂಕದ ಮೇಲೆ ಹೋಯಿತು.

ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟಲು ಹೊರಟವನ ಉದಾಹರಣೆ ಕೊಡುತ್ತಾರೆ. ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕದಿದ್ದರೆ ಅಡಿಪಾಯಕ್ಕೇ ಕೆಲಸ ನಿಲ್ಲುತ್ತದೆ, ನೋಡಿದವರು ನಗುತ್ತಾರೆ. ನಮ್ಮ ಅಡಿಪಾಯ ಆ ಶೆಡ್ಡಿನಲ್ಲೇ ನಿಂತಿತ್ತು.

ನೋಡುವುದು ಹೇಗೆ?

ಯಂತ್ರ ನೋಡಲು ಹೋಗುವಾಗ ಮೂವರು ಸದಸ್ಯೆಯರು ಹೋಗಿ. ಅವರ ಜೊತೆ ಲೇತ್ ಕೆಲಸ ಬಲ್ಲ ಒಬ್ಬರು ಇರಲಿ, ಆದರೆ ಅವರು ಮಾರುವವನ ಸಂಬಂಧಿಯೂ ಆಗಿರಬಾರದು, ಕಮಿಷನ್ ತಗೊಳ್ಳುವವರೂ ಆಗಿರಬಾರದು. ಅವರಿಗೆ ಒಂದು ದಿನದ ಕೂಲಿ ಕೊಡಿ. ಪುಕ್ಕಟೆ ಬಂದವರು ಅರ್ಧಂಬರ್ಧ ನೋಡುತ್ತಾರೆ. ಕೈಚೀಲದಲ್ಲಿ ಒಂದು ಟಾರ್ಚು, ಹಳೇ ಬಟ್ಟೆ, 25 ಮಿ.ಮೀ. ದಪ್ಪದ ಮೆತ್ತನೆ ಕಬ್ಬಿಣದ ಒಂದು ಗೇಣುದ್ದ ಸರಳು, ಅಳೆಯಲು ಮೈಕ್ರೋಮೀಟರ್ ಮತ್ತು ಮುಳ್ಳಿನ ಡಯಲ್ ಗೇಜು ಇರಲಿ. ಗೇಜು ಇಲ್ಲದಿದ್ದರೆ ಜೊತೆಗೆ ಬರುವವರಿಗೆ ತರಲು ಹೇಳಿ.

ಮೊದಲು ಕರೆಂಟು ಬೇಡ. ಬಟ್ಟೆಯಿಂದ ಬೆಡ್ಡಿನ ಎಣ್ಣೆ ಒರೆಸಿ. ಬೆಡ್ ಅಂದರೆ ಉದ್ದಕ್ಕೆ ಮಲಗಿರುವ ಹಳಿ. ಚಕ್ಕಿನ ಹತ್ತಿರ ಹಳಿಯ ಅಂಚಿನ ಮೇಲೆ ಅಡ್ಡಡ್ಡ ಉಗುರು ಎಳೆಯಿರಿ. ಉಗುರು ಸಿಕ್ಕಿಹಾಕಿಕೊಂಡರೆ ಅಲ್ಲಿ ಸವೆದು ಮೆಟ್ಟಿಲಾಗಿದೆ ಅಂತ ಅರ್ಥ. ಹಳೇ ಲೇತುಗಳು ಸವೆಯುವುದು ಬಹುಪಾಲು ಅಲ್ಲೇ, ಯಾಕೆಂದರೆ ಸಣ್ಣ ಸಣ್ಣ ಕೆಲಸವೆಲ್ಲ ಚಕ್ಕಿನ ಹತ್ತಿರವೇ ನಡೆಯುತ್ತದೆ. ಇನ್ನೂ ಒಂದು ಉಪಾಯ ಇದೆ. ಟೂಲ್ ಹೊತ್ತು ಓಡಾಡುವ ಕ್ಯಾರೇಜನ್ನು ಚಕ್ಕಿನ ಹತ್ತಿರ ತಂದು ಅದರ ಬಿಗಿಯನ್ನು ಸರಿಯಾಗಿ, ಹಗುರಾಗಿ ಸರಿಯುವಷ್ಟು ಹೊಂದಿಸಿ. ಆಮೇಲೆ ಇನ್ನೊಂದು ತುದಿಗೆ ಸರಿಸಿ. ಅಲ್ಲಿ ಕ್ಯಾರೇಜು ಬಿಗಿದು ನಿಂತರೆ ಚಕ್ಕಿನ ಕಡೆ ಹಳಿ ತೆಳ್ಳಗಾಗಿದೆ. ಸ್ವಲ್ಪ ಬಿಗಿದರೆ ಬೆಲೆ ಇಳಿಸಿ ಕೇಳಿ. ಸರಿಸಲಿಕ್ಕೇ ಆಗದಿದ್ದರೆ ಚಹಾ ಕುಡಿದು ಮನೆಗೆ ಬನ್ನಿ.

ಆಮೇಲೆ ಸ್ಪಿಂಡಲ್. ಚಕ್ಕನ್ನು ಕೈಯಿಂದ ನಿಧಾನ ತಿರುಗಿಸಿ. ಬೀಸುವ ಕಲ್ಲಿನೊಳಗೆ ಹರಳು ಸಿಕ್ಕಂತೆ ಕೈಗೆ ತಿಳಿಯುತ್ತದೆಯೇ? ಒಂದು ಮರದ ತುಂಡು ಒಳಗಿಟ್ಟು ಚಕ್ಕನ್ನು ಮೇಲಕ್ಕೆ ಮೀಟಿ. ಡಯಲ್ ಗೇಜಿನ ಮುಳ್ಳು ಎರಡು ಮೂರು ಗೆರೆ, ಅಂದರೆ 0.02 ಅಥವಾ 0.03 ಮಿ.ಮೀ. ಆಡಿದರೆ ಹಳೇ ಯಂತ್ರಕ್ಕೆ ಪರವಾಗಿಲ್ಲ, ಬೇರಿಂಗ್ ಬಿಗಿ ಮಾಡಿ ನೋಡಬಹುದು. ತಲೆಗೂದಲಿನ ದಪ್ಪ 0.07 ಮಿ.ಮೀ. ಆಸುಪಾಸು. ಒಂದು ಕೂದಲಿನಷ್ಟು ಆಡಿದರೆ ನಮ್ಮ ಹಳೇ ಕಥೆಯೇ ಮತ್ತೆ. ಗ್ರೀಸು ತುಂಬಿ ಸಪ್ಪಳ ಮುಚ್ಚಬಹುದು, ಈ ಆಟವನ್ನು ಮುಚ್ಚಲಾಗದು.

ಕ್ರಾಸ್ ಸ್ಲೈಡಿನ ಹಿಡಿಕೆ ತಿರುಗಿಸಿದಾಗ ಸ್ಲೈಡ್ ಸರಿಯುವ ಮೊದಲು ಹಿಡಿಕೆ ಸ್ವಲ್ಪ ಖಾಲಿ ತಿರುಗುತ್ತದೆ. ಎಲ್ಲ ಹಳೇ ಯಂತ್ರಗಳಲ್ಲೂ ಇದು ಇದ್ದೇ ಇರುತ್ತದೆ, ಅಂಜಬೇಡಿ. ಯಾವಾಗಲೂ ಒಂದೇ ಕಡೆಯಿಂದ ಅಳತೆಗೆ ಬಂದರೆ ಆಯಿತು. ಕಾಲು ಸುತ್ತು ಖಾಲಿ ಹೋದರೆ ಒಳಗಿನ ನಟ್ಟು ಸವೆದಿದೆ. ಹಿತ್ತಾಳೆಯ ನಟ್ಟು ಹೊಸದು ಮಾಡಿಸಬಹುದು, ಅದರ ಖರ್ಚು ಬೆಲೆಯಲ್ಲಿ ಕಳೆಯಿರಿ. ಮಿಲ್ಲಿಂಗ್ ಮಷಿನ್ನಿನ ಮೇಜಿಗೂ ಇದೇ ಪರೀಕ್ಷೆ, ಆದರೆ ಮೇಜು ನಡುವಿನಲ್ಲಿದ್ದಾಗ ಒಮ್ಮೆ, ತುದಿಯಲ್ಲಿದ್ದಾಗ ಒಮ್ಮೆ ನೋಡಿ. ಸ್ಕ್ರೂ ನಡುವೆ ಮಾತ್ರ ಸವೆದಿರುತ್ತದೆ.

ಗೇರಿನ ಹಲ್ಲುಗಳನ್ನು ಟಾರ್ಚು ಹಾಕಿ ಒಂದೊಂದಾಗಿ ನೋಡಿ. ಥ್ರೆಡ್ ಕಡೆಯಲು ಬೇರೆ ಬೇರೆ ಹಲ್ಲಿನ ಗೇರುಗಳ ಒಂದು ಗೊಂಚಲು ಇರಬೇಕು. "ಅವು ಎಲ್ಲೋ ಅದಾವು, ಆಮ್ಯಾಲೆ ಕೊಡ್ತೀನಿ" ಅಂದರೆ ಅವು ಇಲ್ಲ ಅಂತಲೇ ತಿಳಿಯಿರಿ. ಚಕ್ಕಿನ ಮೂರು ದವಡೆಗಳಿಗೆ 1, 2, 3 ಅಂತ ನಂಬರು ಕೆತ್ತಿರುತ್ತಾರೆ, ಮೂರೂ ಒಂದೇ ಜೋಡಿಯವೇ ನೋಡಿಕೊಳ್ಳಿ.

ಇಷ್ಟಾದ ಮೇಲೆ ಸ್ವಿಚ್. ಅರ್ಧ ತಾಸು ಓಡಲಿ. ಸ್ಪಿಂಡಲ್ಲಿನ ಹೊರಮೈ ಮುಟ್ಟಿದರೆ ಬೆಚ್ಚಗಿರಬಹುದು, ಕೈ ಇಡಲಾಗದಷ್ಟು ಬಿಸಿ ಆಗಬಾರದು. ಮೋಟಾರಿನಿಂದ ಸುಟ್ಟ ವಾಸನೆ ಬರಬಾರದು. ಮಿನಿ ಲೇತ್ ಆದರೆ ಅತಿ ಕಡಿಮೆ ವೇಗದಲ್ಲೂ ಅತಿ ಹೆಚ್ಚು ವೇಗದಲ್ಲೂ ಓಡಿಸಿ ನೋಡಿ. ಕೊನೆಗೆ ನಿಮ್ಮ ಸರಳನ್ನೇ ಚಕ್ಕಿಗೆ ಕೊಟ್ಟು ಎರಡು ಮೂರು ಸಲ ಕಡೆಸಿ. ಚಕ್ಕಿನಿಂದ ಮೂರು ಇಂಚು ಹೊರಗಿರಲಿ. ಕಡೆದ ಮೇಲೆ ಎರಡೂ ತುದಿ ಮೈಕ್ರೋಮೀಟರಿನಿಂದ ಅಳೆದು ಆ ಅಂಕಿಯನ್ನು ಸಂಘದ ಪುಸ್ತಕದಲ್ಲಿ ಬರೆದುಕೊಳ್ಳಿ. ಆ ತುಂಡನ್ನು ಮನೆಗೆ ತನ್ನಿ. ಸಭೆಯಲ್ಲಿ ಎಲ್ಲರ ಕೈಗೂ ಕೊಡಿ. ಬಾರದಿದ್ದವರೂ ಮುಟ್ಟಿ ನೋಡಲಿ. ಕೆತ್ತಿಸಿ ನೋಡಲು ಮಾರುವವನು ಒಪ್ಪದಿದ್ದರೆ ಬೆಲೆಯ ಮಾತೇ ಬೇಡ.

ಕಾಗದದ ವಿಷಯ. ಮುಚ್ಚಿದ ಘಟಕದ ಯಂತ್ರವಾದರೆ ಅದು ಬ್ಯಾಂಕಿಗೋ ಕೆಎಸ್‌ಎಫ್‌ಸಿಗೋ ಅಡವಾಗಿದೆಯೇ ಅಂತ ಕೇಳಿ, ಇಲ್ಲ ಅಂತ ಬರೆಸಿಕೊಳ್ಳಿ. ಅಡವಿರುವ ಯಂತ್ರ ಕೊಂಡರೆ ನಿಮ್ಮ ಹಣವೂ ಹೋಗಿ ಯಂತ್ರವೂ ಹೋಗಬಹುದು. ಯಂತ್ರದ ಮೈಮೇಲಿನ ನಂಬರು ಬಿಲ್ಲಿನಲ್ಲಿ ಬರಲಿ, ಬಿಲ್ಲು ಸಂಘದ ಹೆಸರಿನಲ್ಲಿರಲಿ, ಅಧ್ಯಕ್ಷೆಯ ಗಂಡನ ಹೆಸರಿನಲ್ಲಲ್ಲ. (ಹೀಗೆ ಆದದ್ದನ್ನು ನೋಡಿಯೇ ಹೇಳುತ್ತಿದ್ದೇವೆ.) ಹಣ ಚೆಕ್ ಅಥವಾ ಖಾತೆಯ ಮೂಲಕ ಹೋಗಲಿ. ಸಬ್ಸಿಡಿ ಸಾಲ ಕೇಳುವ ಆಲೋಚನೆ ಇದ್ದರೆ ಹಳೇ ಯಂತ್ರಕ್ಕೆ ಅದು ಸಿಗುತ್ತದೆಯೇ ಅಂತ ಮುಂಗಡ ಕೊಡುವ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿ.

ಲೆಕ್ಕ

ಒಂದು ಉದಾಹರಣೆ ನೋಡೋಣ. ಅಂಕಿಗಳು ತಿಳಿಯಲು ಮಾತ್ರ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಯಂತ್ರಕ್ಕೆ 62,000 ರೂಪಾಯಿ. ಟೂಲು, ಡ್ರಿಲ್ ಚಕ್, ಮೈಕ್ರೋಮೀಟರ್, ವರ್ನಿಯರ್ ಇವಕ್ಕೆ 24,000. ವೈರಿಂಗ್, ಸ್ಟಾರ್ಟರ್, ಅರ್ಥಿಂಗ್, ಕಾಂಕ್ರೀಟಿಗೆ 11,000. ಟೆಂಪೋ, ಹಮಾಲಿ 3,000. ಕೈಯಲ್ಲಿ 5,000. ಒಟ್ಟು 1,05,000. ಯಂತ್ರದ ಬೆಲೆ ಮಾತ್ರ ನೋಡಿ ಸಾಲ ತೆಗೆದವರು ಟೂಲಿಗೆ ಹಣವಿಲ್ಲದೆ ಯಂತ್ರಕ್ಕೆ ಚಾದರ ಹೊದಿಸಿ ಕೂರುತ್ತಾರೆ. ಸಂಘದ್ದು 25,000 ಹಾಕಿ 80,000 ಸಾಲ ತೆಗೆದರೆ, ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಲ್ಲಿ 24 ತಿಂಗಳ ಕಂತು 3,766 ರೂಪಾಯಿ ಬರುತ್ತದೆ.

ಈಗ ಗಳಿಕೆ. ಯಾರೋ ಘಟಕದವರು ಒಂದೇ ತರದ ಬುಶ್ ಕಡೆಯಲು ಕೊಡುತ್ತಾರೆ, ಒಂದಕ್ಕೆ 6 ರೂಪಾಯಿ. ತಾಸಿಗೆ 7 ಆಗುತ್ತದೆ. ದಿನಕ್ಕೆ 5 ತಾಸು, ತಿಂಗಳಿಗೆ 22 ದಿನ: 4,620 ರೂಪಾಯಿ. ಕರೆಂಟು, ಎಣ್ಣೆ, ಟೂಲಿಗೆ 900 ಕಳೆದರೆ 3,720. ಕಂತು 3,766! ಕಡೆದವಳ ಕೂಲಿ ಎಲ್ಲಿ ಹೋಯಿತು?

ಇದರಲ್ಲಿ ತಿಳಿಯಬೇಕಾದ ವಿಷಯ ಇದೆ. ಸಾವಿರ ತುಂಡು ಒಂದೇ ಅಚ್ಚಿನಂತೆ ಬೇಕಾದವರಿಗೆ ಸಿಎನ್‌ಸಿ ಇದೆ. ಅದರ ದರದ ಜೊತೆ ಹಳೇ ಕೈ ಲೇತ್ ಹೋರಾಡಲಾರದು. ಒಂದೇ ಒಂದು ತುಂಡು ಬೇಕಾದವನನ್ನು ಸಿಎನ್‌ಸಿಯವರು ಒಳಗೆ ಬಿಡುವುದಿಲ್ಲ. ಅವನೇ ನಿಮ್ಮ ಗಿರಾಕಿ. ಹಿಟ್ಟಿನ ಗಿರಣಿಯ ಸವೆದ ಪುಲ್ಲಿ, ಖಾರ ಕುಟ್ಟುವ ಯಂತ್ರದ ಪಿನ್ನು, ಶ್ಯಾವಿಗೆ ಮಷಿನ್ನಿನ ಬುಶ್, ಕಬ್ಬಿನ ಹಾಲಿನ ಗಾಡಿಯ ರೋಲರ್, ಪಂಪಿನ ಶಾಫ್ಟು, ಹೊಲಿಗೆ ಯಂತ್ರದ ಚಕ್ರ. ಇಂಥ ಒಂದು ಕೆಲಸಕ್ಕೆ ಸರಾಸರಿ 150 ರೂಪಾಯಿಯಂತೆ ದಿನಕ್ಕೆ ಮೂರು ಬಂದರೆ 22 ದಿನಕ್ಕೆ 9,900. ಖರ್ಚು 900, ಕಂತು 3,766 ಕಳೆದರೆ 5,234 ಉಳಿಯುತ್ತದೆ. ಇದೂ ದೊಡ್ಡ ಗಳಿಕೆಯಲ್ಲ. ಆದರೆ ಎರಡು ವರ್ಷದ ಮೇಲೆ ಕಂತು ನಿಲ್ಲುತ್ತದೆ, ಯಂತ್ರ ಉಳಿಯುತ್ತದೆ.

ದಿನಕ್ಕೆ ಮೂರು ಗಿರಾಕಿ ಬರುತ್ತಾರೆಯೇ? ಅದನ್ನು ಯಂತ್ರ ಕೊಳ್ಳುವ ಮೊದಲೇ ತಿಳಿಯಬೇಕು. ಇಬ್ಬಿಬ್ಬರು ಸದಸ್ಯೆಯರು ಒಂದು ವಾರ ತಿರುಗಿ: ದುರ್ಗದಬೈಲು, ಹಳೇ ಹುಬ್ಬಳ್ಳಿ, ಕೇಶ್ವಾಪುರ, ಉಣಕಲ್ಲು. ಗಿರಣಿಯವರನ್ನು, ಮೋಟಾರ್ ರೀವೈಂಡಿಂಗ್ ಅಂಗಡಿಯವರನ್ನು, ಹೊಲಿಗೆ ಯಂತ್ರ ರಿಪೇರಿಯವರನ್ನು ಕೇಳಿ: ಕಳೆದ ತಿಂಗಳು ಲೇತಿಗೆ ಎಷ್ಟು ಸಲ ಹೋಗಿದ್ದಿರಿ, ಎಷ್ಟು ಕೊಟ್ಟಿರಿ, ಎಷ್ಟು ದಿನ ಕಾಯಿಸಿದರು? "ನೀವು ಶುರು ಮಾಡ್ರಿ, ಕೊಡೋಣಂತ" ಅನ್ನುವ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಳೆದ ತಿಂಗಳ ಅಂಕಿ ಮಾತ್ರ ಬರೆಯಿರಿ.

ತಂದು ಕೂರಿಸುವುದು

ಎತ್ತುವಾಗ ಹಗ್ಗ ಬೆಡ್ಡಿಗೆ ಕಟ್ಟಬೇಕು. ಮುಂದಿರುವ ಉದ್ದನೆ ಲೀಡ್ ಸ್ಕ್ರೂಗೆ ಕಟ್ಟಿದರೆ ಅದು ಬಾಗುತ್ತದೆ, ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ. ಲೇತಿನ ಭಾರವೆಲ್ಲ ತಲೆಯ ಕಡೆ. ಕ್ಯಾರೇಜನ್ನು ಬಾಲದ ಕಡೆ ಸರಿಸಿ ಬಿಗಿ ಮಾಡಿದರೆ ಸಮ ಬರುತ್ತದೆ. ಹಮಾಲರಿಗೆ ಇದನ್ನು ಮೊದಲೇ ಹೇಳಿ.

ನೆಲ ಗಟ್ಟಿ ಕಾಂಕ್ರೀಟ್ ಆಗಿರಬೇಕು. ನಮ್ಮ ಎರೆಮಣ್ಣಿನ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಬರೀ ಫರ್ಶಿ ಹಾಸಿದರೆ ಸಾಲದು. ಮೇಜಿನ ಯಂತ್ರವಾದರೆ ಮೇಜು ಯಂತ್ರಕ್ಕಿಂತ ಭಾರವಾಗಿರಲಿ. ಸೀಮೆಎಣ್ಣೆ ಅಥವಾ ಡೀಸೆಲ್ಲಿನಿಂದ ಹಳೇ ಜಿಡ್ಡು ತೊಳೆದು ಒರೆಸಿ, 68 ನಂಬರಿನ ಎಣ್ಣೆ ಹಾಕಿ. ಅಡುಗೆಯ ಶೇಂಗಾ ಎಣ್ಣೆ ಬೇಡವೇ ಬೇಡ, ಅದು ನಾಲ್ಕು ದಿನಕ್ಕೆ ಅಂಟಾಗುತ್ತದೆ. ಹೊಲಿಗೆ ಯಂತ್ರಕ್ಕೆ ಕೊಬ್ಬರಿ ಎಣ್ಣೆ ಹಾಕಿ ಕೆಡಿಸಿಕೊಂಡವರು ನಮ್ಮಲ್ಲೇ ಇದ್ದಾರೆ.

ನಾಲ್ಕು ಕಾಲೂ ಸಮ ಊರದಿದ್ದರೆ ಬೀಡಿನ ಬೆಡ್ಡು ಕೂಡ ಒದ್ದೆ ಬಟ್ಟೆ ಹಿಂಡಿದಂತೆ ಕೂದಲೆಳೆಯಷ್ಟು ತಿರುಚುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೆಲಸದಲ್ಲಿ ಕಾಣುತ್ತದೆ. ಸ್ಪಿರಿಟ್ ಲೆವೆಲ್ ಅನ್ನು ಬೆಡ್ಡಿಗೆ ಅಡ್ಡಲಾಗಿ ಎರಡೂ ತುದಿಯಲ್ಲಿ ಇಟ್ಟು ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲುವ ತನಕ ಕಾಲಿನ ಕೆಳಗೆ ತಗಡಿನ ತುಂಡು ಕೊಡಿ. ಆಮೇಲೆ ಚಕ್ಕಿಗೆ ದಪ್ಪನೆ ಸರಳು ಕೊಟ್ಟು, ಇನ್ನೊಂದು ತುದಿಗೆ ಆಸರೆ ಕೊಡದೆ, ಎರಡು ಕಡೆ ಎರಡು ಬಳೆಯಂತೆ ಉಳಿಸಿ ನಡುವೆ ಕಡೆದುಬಿಡಿ. ಆ ಎರಡು ಬಳೆಗಳ ಮೇಲೆ ಟೂಲಿನ ಅಳತೆ ಬದಲಿಸದೆ ತೆಳುವಾಗಿ ಒಮ್ಮೆ ಕಡೆದು ಅಳೆಯಿರಿ. ಎರಡೂ ಒಂದೇ ಬಂದರೆ ಯಂತ್ರ ಸರಿ ಕೂತಿದೆ. ಚಕ್ಕಿನಿಂದ ದೂರದ ಬಳೆ ದಪ್ಪ ಬಂದರೆ ಬಾಲದ ಕಡೆಯ ಮುಂದಿನ ಕಾಲನ್ನು ಒಂದು ತಗಡಿನಷ್ಟು ಎತ್ತಿ ಮತ್ತೆ ನೋಡಿ. ಒಂದು ದಿನ ಹೋಗುತ್ತದೆ, ಹೋಗಲಿ. ಕೂರಿಸಿ ಒಂದು ತಿಂಗಳಾದ ಮೇಲೆ ಇನ್ನೊಮ್ಮೆ ನೋಡಬೇಕು, ನೆಲ ಇಳಿದಿರುತ್ತದೆ.

ಕರೆಂಟಿನ ಕೆಲಸವನ್ನು ಲೈಸೆನ್ಸ್ ಇದ್ದವರಿಂದಲೇ ಮಾಡಿಸಿ. ಮನೆಯ ಮೀಟರಿನಿಂದ ವೈರು ಎಳೆದು ದಂಧೆ ಮಾಡಬೇಡಿ; ಗೃಹಜ್ಯೋತಿ ಇರುವುದು ಮನೆ ಬಳಕೆಗೆ. ಹೆಸ್ಕಾಂ ಕಚೇರಿಯಲ್ಲಿ ಕೈಗಾರಿಕೆಯ ಬೇರೆ ಸಂಪರ್ಕಕ್ಕೆ ಅರ್ಜಿ ಕೊಡಿ. ಹಳೇ ಯಂತ್ರಕ್ಕೆ ಮೂರು ಫೇಸಿನ ಮೋಟಾರ್ ಇದ್ದು ನಿಮಗೆ ಒಂದೇ ಫೇಸ್ ಇದ್ದರೆ ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟಾರ್ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೂರು ಫೇಸ್ ಸಿಕ್ಕರೆ, ಮೊದಲ ಸಲ ಸ್ವಿಚ್ ಹಾಕುವಾಗ ಚಕ್ ಬಿಚ್ಚಿಡಿ. ವೈರು ಅದಲುಬದಲಾದರೆ ಸ್ಪಿಂಡಲ್ ಉಲ್ಟಾ ತಿರುಗುತ್ತದೆ. ಥ್ರೆಡ್ಡಿನಿಂದ ಕೂರುವ ಚಕ್ ಆಗ ಬಿಚ್ಚಿಕೊಂಡು ಕಾಲ ಮೇಲೆ ಬೀಳಬಹುದು. ಸಾದಾ ಸ್ವಿಚ್ ಬೇಡ, ಸ್ಟಾರ್ಟರ್ ಹಾಕಿಸಿ. ಕರೆಂಟು ಹೋಗಿ ಬಂದಾಗ ಸ್ಟಾರ್ಟರ್ ಇರುವ ಯಂತ್ರ ತಾನಾಗಿ ಓಡುವುದಿಲ್ಲ. ಚಕ್ಕಿನೊಳಗೆ ಕೈ ಹಾಕಿದ್ದಾಗ ಕರೆಂಟು ಬಂದರೆ ಏನಾದೀತು ಯೋಚಿಸಿ.

ಸೀರೆ, ಜಡೆ, ಬಳೆ

ಇದನ್ನು ಕೊನೆಗಿಟ್ಟಿದ್ದೇವೆ, ಆದರೆ ಸಭೆಯಲ್ಲಿ ಮೊದಲು ಇದನ್ನೇ ಓದಿ. ತಿರುಗುವ ಚಕ್ಕಿಗೆ ಸೆರಗು, ಓಢಣಿ, ಜಡೆ ಸಿಕ್ಕರೆ ಅದು ಬಿಡುವುದಿಲ್ಲ. ಸ್ವಿಚ್ ಆರಿಸುವಷ್ಟು ಹೊತ್ತೂ ಸಿಗುವುದಿಲ್ಲ. ತಿರುಗುವ ಯಂತ್ರದ ಹತ್ತಿರದ ಕೆಲಸಕ್ಕೆ ಬಿಗಿಯಾದ ಉಡುಪು ಬೇಕೆಂಬ ಮಾತು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಲೇತಿನ ಮುಂದೆ ನಿಲ್ಲುವವರು ಚೂಡಿದಾರ್ ಹಾಕಿ, ಓಢಣಿ ತೆಗೆದಿಟ್ಟು, ಮೇಲೆ ಅರ್ಧ ತೋಳಿನ ಏಪ್ರನ್ ಹಾಕಿ ಹಿಂದೆ ಗಂಟು ಹಾಕಬೇಕು. ಜಡೆಯನ್ನು ತುರುಬು ಕಟ್ಟಿ ಬಟ್ಟೆ ಬಿಗಿಯಬೇಕು. ಬಳೆ, ಉಂಗುರ, ವಾಚು ತೆಗೆಯಬೇಕು. ತಾಳಿ ತೆಗೆಯಲು ಮನಸ್ಸಿಲ್ಲದವರು ಕುಪ್ಪಸದ ಒಳಗೆ ಪಿನ್ನು ಹಾಕಿ ಭದ್ರ ಮಾಡಿಕೊಳ್ಳಿ. ಬಳೆ ತೆಗೆಯುವುದಕ್ಕೆ ಅತ್ತೆ ಬೈದರು ಅಂತ ಒಬ್ಬರು ಹೇಳಿದಾಗ ನಮ್ಮ ಸಿಸ್ಟರ್ ಮನೆಗೇ ಹೋಗಿ, "ಬಳಿ ಮತ್ತ ಹಾಕೋಬಹುದ್ರಿ ಅಮ್ಮಾ, ಕೈ ಮತ್ತ ಬರಂಗಿಲ್ಲ" ಅಂದು ಬಂದರು. ಆ ಅತ್ತೆ ಈಗ ತಾವೇ ಬಳೆ ಎತ್ತಿಡುತ್ತಾರೆ.

ಕೈಗವಸು ಹಾಕಬಾರದು. ಕೈ ಉಳಿಯುತ್ತದೆ ಅನ್ನಿಸುತ್ತದೆ, ಆದರೆ ಗವಸೇ ಸಿಕ್ಕಿಕೊಂಡು ಕೈಯನ್ನು ಎಳೆಯುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಸುರುಳಿ ಸುರುಳಿ ಬರುವ ಚೂರನ್ನು ಕೈಯಿಂದ ಎಳೆಯಬೇಡಿ, ಅದು ಕುಡುಗೋಲಿನಷ್ಟು ಹರಿತ; ಯಂತ್ರ ನಿಲ್ಲಿಸಿ ಬ್ರಷ್ಷಿನಿಂದ ತೆಗೆಯಿರಿ. ಚಕ್ ಬಿಗಿ ಮಾಡುವ ಚಾವಿಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಹಾಕಿದರೆ ಅದು ಗುಂಡಿನಂತೆ ಹಾರುತ್ತದೆ. ಕೈಯಿಂದ ಚಾವಿ ಬಿಡುವ ಮೊದಲು ಅದು ಚಕ್ಕಿನಿಂದ ಹೊರಗಿರಬೇಕು. ಮಕ್ಕಳನ್ನು ಶೆಡ್ಡಿನೊಳಗೆ ಬಿಡಬೇಡಿ, ಶಾಲೆ ಬಿಟ್ಟ ಮೇಲೆ ತಾಯಿಯ ಹತ್ತಿರ ಓಡಿ ಬರುವವರನ್ನು ಬಾಗಿಲಲ್ಲೇ ತಡೆಯಲು ಒಂದು ಅಡ್ಡಗಂಬಿ ಹಾಕಿಸಿ.

ಗೋಕುಲ ರಸ್ತೆಯ ಸಂಘದವರು ಈಗ ಎರಡು ಯಂತ್ರ ನೋಡಿ ಎರಡನ್ನೂ ಬಿಟ್ಟು ಬಂದಿದ್ದಾರೆ. ಒಂದರ ಸ್ಪಿಂಡಲ್ ಆಡುತ್ತಿತ್ತು, ಇನ್ನೊಂದಕ್ಕೆ ಬಿಲ್ಲು ಕೊಡಲು ಒಪ್ಪಲಿಲ್ಲ. ಐಟಿಐ ಕಲಿತ ಆ ಹುಡುಗಿಯೇ ಗೇಜು ಹಿಡಿದು ನೋಡಿದ್ದು. ಮೂರನೆಯದನ್ನು ನೋಡಲು ಬರುವ ಶನಿವಾರ ತಾರಿಹಾಳಕ್ಕೆ ಹೋಗುತ್ತಾರೆ.

ಸಭೆಯಲ್ಲಿ ಚರ್ಚಿಸಿ:

ನಿಮ್ಮ ಓಣಿಯಲ್ಲಿ ಕಳೆದ ತಿಂಗಳು ಲೇತ್ ಕೆಲಸಕ್ಕೆ ಹಣ ಕೊಟ್ಟವರು ಯಾರು ಯಾರು, ಎಷ್ಟು ಕೊಟ್ಟರು?

ಯಂತ್ರ ಒಂದು ತಿಂಗಳು ಕೆಟ್ಟು ನಿಂತರೆ ಆ ತಿಂಗಳ ಕಂತನ್ನು ಯಾವ ಹಣದಿಂದ ಕಟ್ಟುತ್ತೀರಿ? ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ.

ಯಂತ್ರದ ಮುಂದೆ ನಿಲ್ಲುವವರಿಗೆ ದಿನಗೂಲಿಯೋ, ಕೆಲಸದ ಮೇಲೆ ಪಾಲೋ? ನಿಲ್ಲದ ಸದಸ್ಯೆಯರಿಗೆ ಪಾಲು ಎಷ್ಟು?